ಬಾಣಂತಿ ಕೋಣೆಯ ಕಿಟಕಿ

ಜೋಗುಪಾಳ್ಯ, ಬೆಂಗಳೂರು
೧೨ ಜನವರಿ ೨೦೨೫, ಭಾನುವಾರ

ಪ್ರೀತಿಯ ಹವಾಲ್ದಾರರಿಗೆ, ರಜೆಗೆ ಮನೆಗೆ ಬಂದಾಗ ಮಾತ್ರ ಜನರಲ್ ಆಗುವವರಿಗೆ,

ಹೇಗಿದ್ದೀರಿ ರೀ? ಕಾಲ್ಬೆರಳಿನ ಊತ ಇಳಿಯಿತೇ? ಸೊಂಟಕ್ಕೆಂದು ಕಳಿಸಿದ ಎಣ್ಣೆಯನ್ನು ನೀವು ಹಚ್ಚಿಕೊಂಡಿರೋ, ಹೋದ ಸಲದ ಹಾಗೆ ಡೇರೆಯಲ್ಲಿರುವ ಎಲ್ಲರ ಸೊಂಟಕ್ಕೂ ಹಂಚಿ ಖಾಲಿ ಮಾಡಿದಿರೋ? ಇಲ್ಲೂ ಈ ವರ್ಷ ಚಳಿ ಜೋರಾಗಿದೆ, ಆದರೆ ಹಿಮದಲ್ಲಿ ನಿಂತವರ ಮುಂದೆ ಬೆಂಗಳೂರಿನ ಚಳಿಯ ಮಾತೆತ್ತಿದರೆ ನಗೆಪಾಟಲು. ನಿಮ್ಮ ಜೊತೆಯ ಸೂರ್ಯ ರಜೆ ಮುಗಿಸಿಕೊಂಡು ಇವತ್ತು ಸಂಜೆಯೇ ಹೊರಡುತ್ತಾನಂತೆ, ಹೋಗುವಾಗ ಮನೆಗೆ ಬಂದು ಎಳ್ಳುಬೆಲ್ಲದ ಡಬ್ಬಿ ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಾನೆ. ಅದರ ಜೊತೆಗೇ ಈ ಕಾಗದ. ನೀವು ಫೋನು ಮಾಡಿದಾಗ ಅತ್ತೆ ಪಕ್ಕದಲ್ಲೇ ಕುಳಿತು ಸ್ಪೀಕರ್ ಹಾಕು ಅನ್ನುತ್ತಾರೆ. ಇದು ಸ್ಪೀಕರ್ ಹಾಕಿ ಹೇಳುವ ವಿಷಯವಲ್ಲ.

ಮೊದಲು ಇಷ್ಟನ್ನು ಓದಿಕೊಂಡು ಉಸಿರು ಬಿಡಿ. ನಿಮ್ಮ ತಂಗಿ ಧನು ಬದುಕಿದ್ದಾಳೆ. ಅವಳ ಮಗು ಬದುಕಿದೆ. ಅತ್ತೆಯೂ ಬದುಕಿದ್ದಾರೆ. ಮೂವರೂ ನಿನ್ನೆ ಆಸ್ಪತ್ರೆಯಿಂದ ಮನೆಗೆ ಬಂದರು. ಗುರುವಾರ ಮಧ್ಯಾಹ್ನ ಮೂವರೂ ಸತ್ತೇಹೋಗುತ್ತಿದ್ದರು ರೀ. ನಮ್ಮದೇ ಮನೆಯಲ್ಲಿ, ಬಾಗಿಲು ಹಾಕಿದ ಕೋಣೆಯಲ್ಲಿ, ಒಬ್ಬರೂ ಕೂಗದೆ, ಕೆಮ್ಮದೆ. ಅಕ್ಷರ ಕೋಳಿ ಕೆದಕಿದ ಹಾಗಿದೆ ಎಂದು ಆಡಿಕೊಳ್ಳಬೇಡಿ.

ನನ್ನ ಕೆಲಸದ ವಿಷಯಕ್ಕೆ ನೀವು ಯಾವಾಗಲೂ ನಗುತ್ತೀರಿ, ಹೆಣ್ಣು ನೋಡಲು ಹೋದವರ ಹಾಗೆ ಮನೆ ನೋಡಲು ಹೋಗುತ್ತೀಯಲ್ಲೇ ಎಂದು. ಹೌದು, ಹಾಗೆಯೇ. ಮನೆ ಕೊಳ್ಳುವವರು, ಬಾಡಿಗೆಗೆ ಹೋಗುವವರು ಇಂದಿರಾನಗರದ ನಮ್ಮ ಆಫೀಸಿಗೆ ಫೋನು ಮಾಡುತ್ತಾರೆ. ನಾನೂ ಜಾಫರನೂ ಹೋಗಿ, ಕಾಫಿ ಕೊಟ್ಟರೆ ಕುಡಿದು, ಆ ಮನೆಯಲ್ಲಿ ಪ್ರಾಣಕ್ಕೂ ಆರೋಗ್ಯಕ್ಕೂ ಅಪಾಯ ಎಲ್ಲಿದೆ ಎಂದು ಮೂಲೆ ಮೂಲೆ ಹುಡುಕುತ್ತೇವೆ. ಜಾಫರ್ ಶಿವಾಜಿನಗರದವನು, ವೈರಿಂಗ್ ಅವನದು. ಗೋಡೆ, ನೀರು, ಗಾಳಿ ನನ್ನದು. ಈ ಊರಿನ ಮನೆಗಳ ಒಳಗನ್ನು ನೋಡಿದರೆ ನಿಮಗೆ ನಿಮ್ಮ ಗಡಿಯೇ ವಾಸಿ ಅನ್ನಿಸೀತು. ಹೋದ ತಿಂಗಳು ದೊಡ್ಡನೆಕ್ಕುಂದಿಯ ಒಂದು ಪಿ.ಜಿ.ಯಲ್ಲಿ ಅರ್ತಿಂಗ್ ತಂತಿಯನ್ನು ಕಿಟಕಿಯ ಗ್ರಿಲ್ಲಿಗೆ ಸುತ್ತಿದ್ದರು, ಹುಡುಗಿಯರು ಅದೇ ಗ್ರಿಲ್ಲಿನ ಮೇಲೆ ಒದ್ದೆ ಟವೆಲ್ ಒಣಹಾಕುತ್ತಿದ್ದರು. ಇನ್ನೊಂದು ಮನೆಯಲ್ಲಿ ಸಂಪಿನ ಮುಚ್ಚಳ ಮುರಿದು ವರ್ಷವಾಗಿದೆಯಂತೆ, ಅದರ ಮೇಲೆ ಒಂದು ರಟ್ಟು ಹಾಕಿ, ರಟ್ಟಿನ ಮೇಲೆ ಚಂದದ ಕಾಲೊರಸು ಹಾಸಿದ್ದರು. ಮನೆಯಲ್ಲಿ ಎರಡು ಪುಟ್ಟ ಮಕ್ಕಳು. ನನಗೆ ಬಂದ ಕೋಪಕ್ಕೆ ಜಾಫರ್ ನನ್ನ ಕೈ ಹಿಡಿದು ಎಳೆದುಕೊಂಡು ಬರಬೇಕಾಯಿತು.

ಗುರುವಾರ ಬೆಳಿಗ್ಗೆ ಹೊಸ ತಿಪ್ಪಸಂದ್ರದಲ್ಲಿ ಒಂದು ಮನೆ. ಬಚ್ಚಲಿನಲ್ಲಿ ಗ್ಯಾಸ್ ಗೀಸರ್, ವೆಂಟಿಲೇಟರಿಗೆ ಚುನಾವಣೆಯ ಫ್ಲೆಕ್ಸಿನ ತುಂಡು ಬಿಗಿದು ಮೊಳೆ ಹೊಡೆದಿದ್ದರು. ಯಾಕೆ ಸಾರ್ ಎಂದರೆ, “ಪಾರಿವಾಳ ಬಂದ್ಬಿಡ್ತವೆ ಮೇಡಂ, ಗಲೀಜು” ಅಂದರು. “ಪಾರಿವಾಳ ಬಂದ್ರೆ ಉಶ್ ಅಂದ್ರೆ ಹೋಗುತ್ತೆ ಸಾರ್, ಈ ಗೀಸರ್‌ನಿಂದ ಬರೋದು ಬಂದ್ರೆ ನೀವೇ ಹೋಗ್ತೀರ” ಎಂದು ಅವರ ಹೆಂಡತಿಯ ಮುಂದೆಯೇ ಹೇಳಿದೆ. ಗಾಳಿಯಾಡದ ಕಡೆ ಬೆಂಕಿ ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು ಕೊಟ್ಟು, ವಾಂತಿ ಕೊಟ್ಟು, ಕೊನೆಗೆ ನಿದ್ದೆ ಕೊಟ್ಟು ಕೊಲ್ಲುತ್ತದೆ ಎಂದು ಒಂದು ದೊಡ್ಡ ಭಾಷಣವನ್ನೇ ಬಿಗಿದೆ. ಅದನ್ನು ಅಳೆಯುವ ಅಂಗೈಯಗಲದ ಮೀಟರು ನನ್ನ ಬ್ಯಾಗಿನ ಪಟ್ಟಿಗೆ ಸಿಕ್ಕಿಸಿಕೊಂಡಿತ್ತು. ಆ ಭಾಷಣ ಮಾಡುತ್ತಿದ್ದ ಹೊತ್ತಿಗೆ ನಮ್ಮ ಮನೆಯಲ್ಲಿ ಅತ್ತೆ ಕೆಂಡ ಹಾಕುತ್ತಿದ್ದರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಬಚ್ಚಲಲ್ಲಿ ಬಿತ್ತಂತೆ, ಹಾಗಾಯಿತು ನನ್ನ ಬಾಳು.

ಮನೆಯಲ್ಲೇ ಇದ್ದುಕೊಂಡು ನಿನಗೆ ಯಾಕೆ ಗೊತ್ತಾಗಲಿಲ್ಲ ಎಂದು ನೀವು ಕೇಳುತ್ತೀರಿ. ನಾನು ಆ ಕೋಣೆಗೆ ಹೋಗುವ ಹಾಗಿರಲಿಲ್ಲ ರೀ. ಇದನ್ನು ನಿಮಗೆ ಯಾರೂ ಹೇಳಿಲ್ಲ, ನಾನೂ ಹೇಳಿರಲಿಲ್ಲ. ಡಿಸೆಂಬರಿನಲ್ಲಿ ಧನು ಮಗು ಎತ್ತಿಕೊಂಡು ಆಸ್ಪತ್ರೆಯಿಂದ ತವರಿಗೆ ಬಂದ ದಿನವೇ ನಿಮ್ಮ ದೊಡ್ಡಮ್ಮ ಮುನಿಗಂಗಮ್ಮನವರು ನನ್ನನ್ನು ಅಡುಗೆಮನೆಗೆ ಕರೆದು ಹೇಳಿದರು: “ಬೇಜಾರ್ ಮಾಡ್ಕೋಬೇಡ ಕಣಮ್ಮಿ. ಮಗು ಕಳ್ಕೊಂಡೋಳು ಹಸಿ ಬಾಣಂತಿ ಕ್ವಾಣೆಗೆ ಹೋಗಬಾರ್ದು. ನಿನ್ನ ನೆಳ್ಳು ಆ ಕೂಸಿನ ಮ್ಯಾಲೆ ಬೀಳೋದು ಬ್ಯಾಡ.” ಅತ್ತೆಗೆ ಅದು ಹಿಡಿಸಲಿಲ್ಲ, ಮುಖ ಸಣ್ಣದಾಯಿತು, ಆದರೆ ಅಕ್ಕನ ಮಾತಿಗೆ ಎದುರಾಡಲಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ “ಒಂದು ನಲವತ್ತು ದಿನ ತಾನೆ ಹೇಮಾ, ಹೋಗ್ಲಿ ಬಿಡಮ್ಮ” ಅಂದರು. ಹೋಗಲಿ ಎಂದು ಬಿಟ್ಟೆ. ಊರವರ ಬಚ್ಚಲು, ಅಟ್ಟ, ಸಂಪು ಎಲ್ಲದರೊಳಗೂ ತಲೆ ಹಾಕುವ ನನಗೆ ನನ್ನ ಮನೆಯ ಒಂದು ಕೋಣೆಯ ಹೊಸಿಲು ದಾಟಲು ಅಪ್ಪಣೆಯಿರಲಿಲ್ಲ. ಧನುವಿನ ತಟ್ಟೆಯನ್ನು ಬಾಗಿಲ ಹೊರಗಿಟ್ಟು ಬರುತ್ತಿದ್ದೆ. ಮಗು ಅಳುವುದು ಕೇಳಿಸುತ್ತಿತ್ತು, ಮುಖ ನೋಡಿರಲಿಲ್ಲ.

ಅತ್ತೆಯ ಬಾಣಂತನ ಹೇಗೆ ಎಂದು ನಿಮಗೆ ಗೊತ್ತು. ಜೋಗುಪಾಳ್ಯದ ಅರ್ಧಕ್ಕರ್ಧ ಮಕ್ಕಳಿಗೆ ನೀರೆರೆದ ಕೈ ಅದು. ಸುಡುಸುಡು ನೀರು ಹಾಕಿ, ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿಯಿಟ್ಟು, ಬಾಣಂತಿಯನ್ನು ಮಂಚದ ಮೇಲೆ ಕಂಬಳಿ ಹೊದಿಸಿ ಮಲಗಿಸಿ, ಮಂಚದ ಕೆಳಗೆ ಕಬ್ಬಿಣದ ಬಾಂಡ್ಲಿಯಲ್ಲಿ ಇದ್ದಿಲ ಕೆಂಡ. ಇದ್ದಿಲು ನಮ್ಮ ಬೀದಿಯ ಇಸ್ತ್ರಿ ಅಂಗಡಿಯದು. ಕೆಂಡದ ಮೇಲೆ ಒಂದು ಚಿಟಿಕೆ ಸಾಂಬ್ರಾಣಿ, ಆ ಹೊಗೆಗೆ ಮಗುವಿನ ತಲೆಗೂದಲು ಒಡ್ಡುವುದು. ಆಮೇಲೆ ಗಾಳಿ ಸೋಕಬಾರದು ಎಂದು ಕಿಟಕಿ ಹಾಕಿ, ಕಿಟಕಿಯ ಸಂದಿಗೆ ಹಳೆ ಸೀರೆ ತುರುಕಿ, ಬಾಗಿಲ ಕೆಳಗೆ ಗೋಣಿಚೀಲ ಒತ್ತಿಡುವುದು. ನಿಮ್ಮನ್ನೂ ಧನುವನ್ನೂ ಹೀಗೆಯೇ ಸಾಕಿದ್ದು. ಆದರೆ ಆಗ ಇದ್ದದ್ದು ಹೆಂಚಿನ ಮನೆ. ಎಷ್ಟು ತುರುಕಿದರೂ ಹೆಂಚಿನ ಸಂದಿಯಲ್ಲಿ ಆಕಾಶ ಕಾಣಿಸುತ್ತಿತ್ತು ಎಂದು ನೀವೇ ಹೇಳುತ್ತಿದ್ದಿರಿ. ಈಗಿರುವುದು ತಾರಸಿ ಮನೆ. ಆ ಕೋಣೆಗೆ ಇರುವುದು ಒಂದೇ ಕಿಟಕಿ, ಅದೂ ಪಕ್ಕದ ಮನೆಯ ಗೋಡೆಗೆ ಮುಖ ಮಾಡಿದೆ. ಸೊಳ್ಳೆ ಕೂಡ ನುಸುಳಬಾರದು ಎಂದು ನೀವು ಎದುರು ನಿಂತು ಹಾಕಿಸಿದ ಬಿಗಿಯಾದ ಅಲ್ಯೂಮಿನಿಯಂ ಕಿಟಕಿ. ನಿಮ್ಮನ್ನು ಬಯ್ಯುತ್ತಿಲ್ಲ ರೀ. ಗೋಡೆ ಹೊಸದಾಯಿತು, ಅಭ್ಯಾಸ ಹಳೆಯದೇ ಉಳಿಯಿತು, ಅಷ್ಟೇ.

ಹೊಸ ವರ್ಷಕ್ಕೆ ಚಳಿ ಏರಿದ ಮೇಲೆ ಕೆಂಡವೂ ಏರಿತು. ಧನುವಿಗೆ ತಲೆನೋವು ಶುರುವಾಯಿತು. ತಲೆ ಎತ್ತಿದರೆ ವಾಂತಿ ಬಂದ ಹಾಗೆ ಎನ್ನುತ್ತಿದ್ದಳು. ದೊಡ್ಡಮ್ಮ ದೃಷ್ಟಿ ಎಂದರು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಅದೇ ಕೆಂಡಕ್ಕೆ ಹಾಕಿದರು. ವಾಸಿಯಾಗಲಿಲ್ಲ. ಹಾಗಾದರೆ ಶೀತಗಾಳಿ ಒಳಗೆ ಬರುತ್ತಿದೆ ಎಂದು ಕಿಟಕಿಗೆ ಇನ್ನೊಂದು ಸೀರೆ, ಬಾಂಡ್ಲಿಗೆ ಇನ್ನೊಂದು ಸೇರು ಇದ್ದಿಲು. ಅವಳಿಗೆ ಹುಷಾರು ತಪ್ಪಿದಷ್ಟೂ ಇವರು ಮುಚ್ಚುತ್ತಾ ಹೋದರು. ಪ್ರೀತಿಯಿಂದಲೇ ಮುಚ್ಚಿದರು.

ಗುರುವಾರ ತಿಪ್ಪಸಂದ್ರದಿಂದ ಹಲಸೂರು ಕೆರೆಯ ಹತ್ತಿರದ ಇನ್ನೊಂದು ಮನೆಗೆ ಹೋಗಬೇಕಿತ್ತು, ದಾರಿಯಲ್ಲೇ ನಮ್ಮ ಮನೆ, ಊಟ ಮುಗಿಸಿಕೊಂಡು ಹೋಗೋಣ ಎಂದೆ. ಜಾಫರ್ ಬಾಣಂತಿ ಮನೆ ಎಂದು ಸಂಕೋಚಪಟ್ಟು ಗೇಟಿನ ಹತ್ತಿರ ಸ್ಕೂಟರಿನ ಮೇಲೆಯೇ ಕೂತ. ನಾನು ನಡುಮನೆಗೆ ಕಾಲಿಟ್ಟೆ, ಮೀಟರು ಕೂಗಿತು. ದೊಡ್ಡಮ್ಮ ಅಲ್ಲೇ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದವರು “ಏನೇ ಅದು ಪೀಪೀ, ಆಫ್ ಮಾಡು, ಕೂಸು ಮಲಗೈತೆ” ಎಂದು ಗದರಿದರು. ನನಗೂ ಬ್ಯಾಟರಿ ಹೋಗಿರಬೇಕು ಅನ್ನಿಸಿತು. ನಮ್ಮ ಮನೆಯಲ್ಲಿ ಗ್ಯಾಸ್ ಗೀಸರೇ ಇಲ್ಲವಲ್ಲ! ಒಲೆ ಆರಿತ್ತು. ಬ್ಯಾಗು ಹಿಡಿದುಕೊಂಡು ಅಡುಗೆಮನೆಯ ಕಡೆ ಹೋದೆ, ಸದ್ದು ನಿಧಾನವಾಯಿತು. ಧನುವಿನ ಕೋಣೆಯ ಕಡೆ ತಿರುಗಿದೆ, ಒಂದೇ ಸಮನೆ ಕೂಗತೊಡಗಿತು. ಮೀಟರಿನಲ್ಲಿ ಕಂಡ ಅಂಕಿಯನ್ನು ನಾನು ಯಾವ ಮನೆಯಲ್ಲೂ ನೋಡಿರಲಿಲ್ಲ. ಬಾಗಿಲ ಹತ್ತಿರ ನಿಂತು “ಧನೂ” ಎಂದೆ. ಉತ್ತರವಿಲ್ಲ. “ಅತ್ತೇ” ಎಂದೆ. ಅದಕ್ಕೂ ಉತ್ತರವಿಲ್ಲ.

ನಾನು ಆ ಹೊಸಿಲಿನ ಈಚೆ ಒಂದು ಗಳಿಗೆ ನಿಂತೆ ರೀ. ನನ್ನ ನೆರಳು ಬಿದ್ದರೆ ಎಂದು ಯೋಚಿಸಿದೆ. ಡಿಪ್ಲೊಮಾ ಓದಿದವಳು, ದಿನಾ ಊರಿಗೆ ಬುದ್ಧಿ ಹೇಳುವವಳು, ಕೈಯಲ್ಲಿ ಆ ಮೀಟರು ಬಾಯಿ ಬಡಿದುಕೊಳ್ಳುತ್ತಿದ್ದರೂ ನನ್ನ ನೆರಳನ್ನು ಕುರಿತು ಯೋಚಿಸಿದೆ. ಆಮೇಲೆ ಹೆಗಲು ಕೊಟ್ಟು ನೂಕಿದೆ. ಗೋಣಿಚೀಲ ಅಡ್ಡ ಬಂತು, ಇನ್ನೊಂದು ಸಲ ನೂಕಿದೆ. ಒಳಗೆ ಸಾಂಬ್ರಾಣಿಯ ವಾಸನೆ, ಹಿತವಾದ ಬಿಸಿ, ಮಂದ ಬೆಳಕು. ಎಷ್ಟು ನೆಮ್ಮದಿಯಾಗಿತ್ತು ಗೊತ್ತಾ ಆ ಕೋಣೆ! ಧನು ಬಾಯಿ ತೆರೆದು ಮಲಗಿದ್ದಳು. ಅತ್ತೆ ಮಂಚದ ಕಾಲಿಗೆ ಒರಗಿ, ತೊಡೆಯ ಮೇಲೆ ಬೀಸಣಿಗೆ ಇಟ್ಟುಕೊಂಡು ಕುಳಿತಲ್ಲೇ ತಲೆ ವಾಲಿಸಿದ್ದರು. ಮಗು ಸೀರೆಯ ಜೋಲಿಯಲ್ಲಿತ್ತು. ಎತ್ತಿಕೊಂಡೆ. ಬಟ್ಟೆಯ ಗಂಟಿನಂತೆ ಬಂತು ನನ್ನ ಕೈಗೆ, ಕುತ್ತಿಗೆ ನಿಲ್ಲಲಿಲ್ಲ. ಅವನ ಮುಖವನ್ನು ನಾನು ಮೊದಲು ನೋಡಿದ್ದು ಹಾಗೆ.

ಜಾಫರ್ ಎಂದು ಕಿರುಚಿದ್ದು ಎಂ.ಇ.ಜಿ. ಮಿಲಿಟರಿ ಗೇಟಿನವರೆಗೆ ಕೇಳಿಸಿರಬೇಕು. ಅವನು ಓಡಿಬಂದ. ಬಾಣಂತಿ, ಹೆಂಗಸರು, ಹೊಸಿಲು ಯಾವುದೂ ನೋಡಲಿಲ್ಲ, ಧನುವನ್ನು ಕಂಬಳಿಯ ಸಮೇತ ಎತ್ತಿ ಹೊರಗೆ ಬೀದಿಯಲ್ಲಿ ಮಲಗಿಸಿದ, ತಿರುಗಿ ಬಂದು ಅತ್ತೆಯ ಎರಡು ಕಂಕುಳಿಗೆ ಕೈಹಾಕಿ ಎಳೆದುಕೊಂಡು ಹೋದ. ದೊಡ್ಡಮ್ಮ ಮೊರದ ಸಮೇತ ಎದ್ದು ನಿಂತು “ಅಯ್ಯೋ, ಶೂ ಹಾಕ್ಕೊಂಡೇ ಒಳೀಕೆ ಬಂದವ್ನಲ್ಲೇ!” ಎಂದು ಕೂಗುತ್ತಿದ್ದರು. ಮನೆಯಲ್ಲಿ ಮೂರು ಜೀವ ಹೋಗುತ್ತಿದೆ, ಇವರಿಗೆ ಶೂ ಕಾಣಿಸಿತು. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಆ ನಗು ಅರ್ಧದಲ್ಲೇ ಅಳುವಾಗುತ್ತದೆ. ಆಟೋದಲ್ಲಿ ಮಗುವಿನ ಮುಖವನ್ನು ಗಾಳಿಗೆ ಹಿಡಿದು ಕೂತಿದ್ದೆ. ಯಾವ ಗಾಳಿ ಸೋಕಬಾರದು ಎಂದಿದ್ದರೋ ಅದನ್ನೇ ಕುಡಿಸುತ್ತಾ ಹೋದೆ. ಸಿಗ್ನಲ್ಲಿನ ಹತ್ತಿರ ಅವನು ಒಮ್ಮೆ ಬಾಯಿ ಚಪ್ಪರಿಸಿ, ಆಮೇಲೆ ಸಣ್ಣಗೆ ಅತ್ತ. ಜಾಫರ್ ಮುಂದೆ ಡ್ರೈವರಿನ ಪಕ್ಕದಲ್ಲಿ ನೇತಾಡುತ್ತಿದ್ದವನು “ರೋರಾ ಹೈ ಅಕ್ಕಾ, ಅಳ್ತಾವ್ನೆ, ಅಳ್ಲಿ ಬಿಡಿ, ಜೋರಾಗಿ ಅಳ್ಲಿ” ಎಂದು ತಾನೇ ಅಳುತ್ತಿದ್ದ.

ಆಸ್ಪತ್ರೆಯಲ್ಲಿ ಮೂವರಿಗೂ ಆಮ್ಲಜನಕ ಹಾಕಿದರು. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಕಷ್ಟವಿತ್ತು ಎಂದರು. ಮಕ್ಕಳ ಡಾಕ್ಟರು ಪರ್ವೀನ್ ಎಂದು, ಚಿಕ್ಕ ವಯಸ್ಸಿನವರು. ಮಗುವಿನ ಕೆನ್ನೆ ಒತ್ತಿ ನೋಡಿ ನನಗೆ ತೋರಿಸಿದರು. “ನೋಡಿ, ಎಷ್ಟು ಕೆಂಪಗಿದ್ದಾನೆ. ಇದು ಆರೋಗ್ಯದ ಕೆಂಪಲ್ಲ. ಈ ವಿಷ ರಕ್ತಕ್ಕೆ ಸೇರಿದಾಗ ಕೆಲವು ಸಲ ಮೈ ಹೀಗೆ ಗುಲಾಬಿ ಥರ ಆಗುತ್ತೆ, ನೋಡಿದವರು ಚೆನ್ನಾಗಿದೆ ಅನ್ಕೋತಾರೆ.” ನಾನು ಅಲ್ಲೇ ಗೋಡೆ ಹಿಡಿದು ನೆಲಕ್ಕೆ ಕೂತುಬಿಟ್ಟೆ. ಸುಸ್ತಾಗಿದೆ ಎಂದುಕೊಂಡು ಯಾರೋ ನೀರು ಕೊಟ್ಟರು.

ನಮ್ಮ ಪಾಪು ಕೆಂಪಗಿದ್ದಳು ರೀ.

ನೀವು ನೋಡಲಿಲ್ಲ. ಮೂರು ವರ್ಷದ ಹಿಂದೆ ನೀವು ಗಡಿಯಿಂದ ಬಂದು ಮುಟ್ಟುವಷ್ಟರಲ್ಲಿ ಅವಳನ್ನು ಮಣ್ಣು ಮಾಡಿಯಾಗಿತ್ತು. ಹೆಸರಿಡುವ ಮೊದಲೇ ಹೋದ ಮಗು, ಫೋಟೊ ಕೂಡ ಸರಿಯಾದದ್ದಿಲ್ಲ. ಆ ಬೆಳಿಗ್ಗೆ ಅವಳನ್ನು ನಡುಮನೆಯಲ್ಲಿ ಮಲಗಿಸಿದಾಗ ಬಂದವರೆಲ್ಲ ಲಕ್ಷ್ಮಿಯ ಕಳೆ, ಸತ್ತ ಮಗುವಿನ ಹಾಗೇ ಇಲ್ಲ, ಕೆನ್ನೆ ನೋಡಿ ಎಂದು ಅತ್ತರು. ಅದೇ ಕೋಣೆ. ಅದೇ ಕಿಟಕಿ. ಅದೇ ಬಾಂಡ್ಲಿ. ತಾಯಿಯಿಲ್ಲದವಳು, ಹೋಗಲು ತವರಿಲ್ಲ ಎಂದು ನನ್ನ ಬಾಣಂತನವನ್ನೂ ಅತ್ತೆಯೇ ಮಾಡಿದರಲ್ಲ. ಹೊಸ ಮನೆ ಕಟ್ಟಿದ ಮೇಲೆ ಈ ಮನೆಗೆ ಬಂದ ಮೊದಲ ಕೂಸು ನಮ್ಮದು. ನಾನು ಮಲಗಿಕೊಂಡೇ ಹಾಲು ಕೊಡುತ್ತಾ ನಿದ್ದೆ ಹೋದೆ, ಹಾಲು ನೆತ್ತಿಗೆ ಹತ್ತಿತು, ಮಗು ಒದ್ದಾಡಿದ್ದೂ ನನಗೆ ಗೊತ್ತಾಗಲಿಲ್ಲ ಎಂದು ಎಲ್ಲರೂ ಹೇಳಿದರು, ಆಸ್ಪತ್ರೆಯವರೂ ಇರಬಹುದು ಎಂದರು. ಗೊತ್ತಾಗಲಿಲ್ಲ, ನಿಜ. ಯಾವ ತಾಯಿಗೆ ಅಂಥ ನಿದ್ದೆ ಬರುತ್ತದೆ ಎಂದು ನಾನೇ ನನ್ನನ್ನು ಮೂರು ವರ್ಷ ಕೇಳಿಕೊಂಡಿದ್ದೇನೆ. ಅವತ್ತು ನನಗೆ ತಲೆ ಎತ್ತಲಾಗುತ್ತಿರಲಿಲ್ಲ, ಎರಡು ದಿನ ವಾಂತಿ ಮಾಡಿಕೊಂಡೆ. ದುಃಖ ಎಂದರು. ನಾನೂ ದುಃಖ ಎಂದೇ ತಿಳಿದೆ. ಧನು ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ಹಾಗೆಯೇ ವಾಂತಿ ಮಾಡಿಕೊಂಡಳು, ಹಾಗೆಯೇ ತಲೆ ಹಿಡಿದುಕೊಂಡಳು. ಅವಳ ಮಗು ಜೀವಂತವಾಗಿ ಪಕ್ಕದಲ್ಲಿತ್ತು.

ನೀವೇ ಒಂದು ರಜೆಯಲ್ಲಿ ಹೇಳಿರಲಿಲ್ಲವೇ, ಡೇರೆಯಲ್ಲಿ ಚಳಿಗೆ ಬುಖಾರಿ ಒಲೆ ಉರಿಸಿಕೊಂಡು ಮಲಗಿದರೆ ಬೆಳಿಗ್ಗೆ ಏಳುವುದಿಲ್ಲ, ಆರಿಸಿದ್ದಾರೋ ಇಲ್ಲವೋ ಎಂದು ಕಾವಲಿನವನು ನೋಡಿಕೊಂಡು ಹೋಗುತ್ತಾನೆ ಎಂದು? ಆ ಕೋಣೆಯ ಬಾಗಿಲ ಎದುರಿಗೇ ಕುಳಿತು ಹೇಳಿದಿರಿ. ನಿಮಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಈ ಕೆಲಸಕ್ಕೆ ಸೇರಿದ ಮೇಲೂ ಹೊಳೆಯಲಿಲ್ಲ. ಗ್ಯಾಸ್ ಗೀಸರ್ ಕಂಡರೆ ಕಣ್ಣು ಕೆಂಪಾಗುತ್ತದೆ, ಬಾಣಂತಿಯ ಕೆಂಡ ನನ್ನ ಕಣ್ಣಿಗೆ ಅಪಾಯವಾಗಿ ಕಾಣಲೇ ಇಲ್ಲ. ಅದು ಅಮ್ಮಂದಿರ ಕೈಯ ಬಿಸುಪು, ಅದನ್ನು ಯಾರಾದರೂ ತಪಾಸಣೆ ಮಾಡುತ್ತಾರೆಯೇ?

ಖಚಿತವಾಗಿ ಈಗ ಯಾರೂ ಹೇಳಲಾರರು, ನನಗೂ ಗೊತ್ತು. ಮಣ್ಣಿಗೆ ಹೋದದ್ದನ್ನು ಯಾವ ಮೀಟರೂ ಅಳೆಯುವುದಿಲ್ಲ. ಆದರೆ ನನಗೆ ಖಚಿತವಾಗಿದೆ. ನಾನು ಕೊಂದದ್ದಲ್ಲ. ಇದನ್ನು ಬರೆಯಬೇಕೆಂದೇ ಈ ಕಾಗದ. ಅವತ್ತು ನೀವು ನನಗೆ ಬರೆದಿದ್ದಿರಿ, “ಸುಸ್ತಾದ ತಾಯಿಗೆ ನಿದ್ದೆ ಬರುವುದು ತಪ್ಪಲ್ಲ ಹೇಮಾ, ನನಗೆ ನಿನ್ನ ಮೇಲೆ ಬೇಜಾರಿಲ್ಲ” ಎಂದು. ಆ ಮಾತು ಹಿಡಿದುಕೊಂಡೇ ಬದುಕಿದೆ. ಆದರೆ ಒಂದು ವಿಷಯ ಇವತ್ತು ಹೇಳಿಬಿಡುತ್ತೇನೆ: ಬೇಜಾರಿಲ್ಲ ಎಂದರೆ ನೀವೂ ನಂಬಿದ್ದಿರಿ ಎಂದೇ ಅರ್ಥ. ಅದು ನನಗೆ ಪ್ರತಿದಿನ ಚುಚ್ಚಿದೆ. ಆಸ್ಪತ್ರೆಯ ನೆಲದ ಮೇಲೆ ಕುಳಿತಾಗ ಮೊದಲು ಅಳು ಬಂತು, ಆಮೇಲೆ ಎಂಥಾ ಕೋಪ ಬಂತೆಂದರೆ ಜೋಗುಪಾಳ್ಯದ ಬೀದಿ ಬೀದಿಯಲ್ಲಿ ನಿಂತು ಕೂಗಬೇಕು ಅನ್ನಿಸಿತು. ಪಕ್ಕದ ಬೀದಿಯ ಸೀಮಂತಕ್ಕೆ ಹೋದಾಗ ಆರತಿ ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಬೇರೆಯವರಿಗೆ ಕೊಟ್ಟವರಿದ್ದಾರೆ, ಅವರ ಬಾಗಿಲು ಬಡಿದು ಹೇಳಬೇಕು. ದೊಡ್ಡಮ್ಮನನ್ನು ಕೂರಿಸಿಕೊಂಡು ನೆರಳಿನ ವಿಷಯ ಮಾತಾಡಬೇಕು.

ಧನು ಈಗ ನಡುಮನೆಯಲ್ಲಿ ಮಲಗುತ್ತಾಳೆ, ಎಲ್ಲ ಕಿಟಕಿಯೂ ತೆರೆದಿದೆ, ಕಿವಿಯ ಹತ್ತಿ ಮಾತ್ರ ದೊಡ್ಡಮ್ಮ ತೆಗೆಯಲು ಬಿಟ್ಟಿಲ್ಲ. ಡಾಕ್ಟರು ಮುಂದಿನ ವಾರ ಮತ್ತೆ ಬರಲು ಹೇಳಿದ್ದಾರೆ. ಅವಳ ಗಂಡ ಕೆಂಪರಾಜ್ ದೊಡ್ಡನೆಕ್ಕುಂದಿಯಿಂದ ಬಂದವನು ಬಾಗಿಲಲ್ಲೇ ನನ್ನ ಕಾಲು ಹಿಡಿಯಲು ಬಗ್ಗಿದ, ಬೈದು ಎಬ್ಬಿಸಿದೆ. ನಿನ್ನೆ ಸಂಜೆ ಧನು ಎಲ್ಲರ ಎದುರಿಗೆ “ಅತ್ತಿಗೆ, ನೀವೇ ಎತ್ಕೊಳ್ಳಿ, ನನ್ ಕೈ ನೋಯ್ತಿದೆ” ಎಂದು ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ಕೈ ನೋಯುತ್ತಿರಲಿಲ್ಲ ಅವಳಿಗೆ. ದೊಡ್ಡಮ್ಮ ನೋಡಿದರು, ಅವರೆಕಾಯಿಯ ಮೊರವನ್ನು ಹತ್ತಿರ ಎಳೆದುಕೊಂಡರು. ನಿಮ್ಮ ಅಳಿಯ ನಿಮ್ಮ ಹಾಗೆಯೇ, ಹಾಲು ಕುಡಿಯುತ್ತಲೇ ಹುಬ್ಬು ಗಂಟಿಕ್ಕುತ್ತಾನೆ. ಬಾಳಾ ಹೊತ್ತು ಇಟ್ಟುಕೊಂಡಿದ್ದೆ.

ಅತ್ತೆ ಮಾತ್ರ ಸರಿಯಿಲ್ಲ. ಮೈಗೆ ಏನೂ ಇಲ್ಲ, ಡಾಕ್ಟರು ನೋಡಿದ್ದಾರೆ. ಆದರೆ ಊಟ ಮಾಡುತ್ತಿಲ್ಲ, ಮಗುವನ್ನು ಮುಟ್ಟುತ್ತಿಲ್ಲ. ಅಷ್ಟು ಮಕ್ಕಳಿಗೆ ನೀರೆರೆದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತಿರುತ್ತಾರೆ. ನನ್ನನ್ನು ನೋಡುತ್ತಾರೆ, ನಾನು ನೋಡಿದರೆ ಮುಖ ತಿರುಗಿಸುತ್ತಾರೆ. ನಾನು ಕೊಂದದ್ದಲ್ಲ ಎಂದು ಅವರಿಗೆ ಹೇಳಿಬಿಡಬೇಕು ರೀ. ಅವರ ಮೇಲೆ ದ್ವೇಷವಿಲ್ಲ. ನನಗೆ ಮೆಂತ್ಯದ ಹಿಟ್ಟು ಕಲಸಿ ತಿನ್ನಿಸಿದ ಕೈ ಅದು, ಪಾಪು ಹೋದ ಮೇಲೆ ಹಾಲು ಕಟ್ಟಿ ನಾನು ನರಳುವಾಗ ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿದ್ದವರು ಅವರು. “ಅವಳಿಗೇನು ಗೊತ್ತು, ಅವಳೇ ಇನ್ನೂ ಕೂಸು, ನಿದ್ದೆ ಬಂದಿದೆ” ಎಂದು ಬಂದವರಿಗೆಲ್ಲ ನನ್ನ ಪರವಾಗಿ ಹೇಳಿದವರೂ ಅವರೇ. ಆ ಪರವಹಿಸುವಿಕೆಯ ಕೆಳಗೆ ಮೂರು ವರ್ಷ ತಲೆ ತಗ್ಗಿಸಿ ನಡೆದಿದ್ದೇನೆ. ಇನ್ನು ಸಾಕು. ಈ ಕಾಗದ ಮಡಿಸಿ ತಾರಸಿಯಿಂದ ಕೆಳಗಿಳಿಯುತ್ತೇನೆ, ಅತ್ತೆಯ ಪಕ್ಕ ಕುಳಿತು ನಿಧಾನವಾಗಿ ಹೇಳುತ್ತೇನೆ. ಯಾವಾಗಲಾದರೂ ಹೇಳಲೇಬೇಕಲ್ಲ. ನೀವು ನನ್ನ ಜಾಗದಲ್ಲಿದ್ದರೂ ಹೇಳುತ್ತಿದ್ದಿರಿ.

ಹುಷಾರಾಗಿರಿ. ಬುಖಾರಿ ಆರಿಸದೆ ಮಲಗಬೇಡಿ, ಕಾವಲಿನವನು ನೋಡುತ್ತಾನೆ ಎಂದು ಬಿಡಬೇಡಿ, ನೀವೇ ಎದ್ದು ನೋಡಿ. ನಿಮ್ಮ ಡೇರೆಯ ಹುಡುಗರಿಗೆಲ್ಲ ನನ್ನ ಸಂಕ್ರಾಂತಿಯ ಶುಭಾಶಯ ಹೇಳಿ, ಎಳ್ಳುಬೆಲ್ಲ ಹಂಚಿ, ಸಕ್ಕರೆ ಅಚ್ಚು ಒಂದನ್ನಾದರೂ ನೀವು ತಿನ್ನಿ. ದೊಡ್ಡಮ್ಮನ ಆಶೀರ್ವಾದ, ಧನುವಿನ ನಮಸ್ಕಾರ, ಹೊಸ ಅಳಿಯನ ಒದೆತ ಒಂದು. ಹಲಸೂರಿನ ಸೋಮೇಶ್ವರ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮವಳು,
ಹೇಮ

ತಾ.ಕ.: ಸೂರ್ಯ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ನಿಂತುಕೊಂಡೇ ಬರೆಯುತ್ತಿದ್ದೇನೆ. ಕೆಳಗೆ ಹೋದೆ. ಅತ್ತೆ ಕಟ್ಟೆಯ ಮೇಲಿದ್ದರು. ಪಕ್ಕದಲ್ಲಿ ಕುಳಿತೆ. ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನ ಕಡೆ ತಿರುಗದೆ ಕೇಳಿದರು: “ಹೇಮಾ, ನಮ್ ಪಾಪೂನೂ ನಾನೇ ಅಲ್ವೇನಮ್ಮ?” ಅವರ ಧ್ವನಿ ಹೇಗಿತ್ತು ಎಂದು ನನಗೆ ಬರೆಯಲು ಬರುವುದಿಲ್ಲ. ನನ್ನ ಬಾಯಿಂದ ಬಂದದ್ದು ಇದು: “ಇಲ್ಲ ಅತ್ತೆ. ಅವತ್ತು ಸೆಕೆ ಅಂತ ನೀವು ಆಚೆ ಹೋದ್ಮೇಲೆ ನಾನೇ ಕಿಟಕಿ ತೆಗ್ದಿದ್ದೆ. ಗಾಳಿ ಚೆನ್ನಾಗ್ ಬರ್ತಿತ್ತು. ಪಾಪೂಗೆ ಹಾಲೇ ನೆತ್ತಿಗ್ ಹತ್ತಿದ್ದು. ನಾನು ನಿದ್ದೆ ಹೋಗ್ಬಿಟ್ಟಿದ್ದೆ.” ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, ಹೋಗ್ಲಿ ಬಿಡಮ್ಮ, ನಿಂಗೇನ್ ಗೊತ್ತಿತ್ತು ಎಂದು ಅತ್ತರು. ಈಗ ಒಳಗೆ ಧನುವಿನ ಪಕ್ಕ ಕುಳಿತು ಎರಡು ತುತ್ತು ಉಣ್ಣುತ್ತಿದ್ದಾರೆ. ನೀವು ಫೋನು ಮಾಡಿದಾಗ ನಿಮ್ಮನ್ನೂ ಕೇಳುತ್ತಾರೆ, ಕಿಟಕಿ ತೆಗೆದಿತ್ತು ಎಂದು ಹೇಮ ಆಗಲೇ ಹೇಳಿದ್ದಳು ಅನ್ನಿ. ಊರವರು ಏನು ಬೇಕಾದರೂ ಅಂದುಕೊಳ್ಳಲಿ. ನೀವು ಮಾತ್ರ ನಂಬಬೇಡಿ.